ಮಾಸ್ತರನಿಗೆ ಕಳಿಸಿದ ಹಾಡು

ನಮ್ಮೂರಿನಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯ ಹೊಸ್ತಿಲನ್ನು ಅಳೆದು ನೋಡುತ್ತಾರೆ. ಒಂಬತ್ತು ಇಂಚಿಗಿಂತ ಕಡಿಮೆಯಿದ್ದರೆ ಹುಡುಗಿಯ ತಾಯಿ ಆ ಮನೆಯ ಎಲೆ ಅಡಿಕೆ ಮುಟ್ಟುವುದಿಲ್ಲ. ಅಳೆಯಲು ಹೋಗುವವನು ನನ್ನಪ್ಪ, ಬಡಿಗೇರ ಮೌನೇಶಪ್ಪ. ಟೇಪಿನ ಇನ್ನೊಂದು ತುದಿ ಹಿಡಿಯುವವಳು ನಾನು. ಆರನೇ ಇಯತ್ತೆಗೆ ಶಾಲೆ ಬಿಟ್ಟಾಗಿನಿಂದ ಮಾಡಿಕೊಂಡು ಬಂದ ಕೆಲಸ ಅದೇ. ನಾಲ್ಕು ಜನರ ಮುಂದೆ ಮಾತು ಬಾರದವರಿಗೆ ಒಳ್ಳೆಯ ಕೆಲಸ. ಟೇಪು ಹಿಡಿದು ಬಗ್ಗಿ ಕೂತವಳನ್ನು ಯಾರೂ ಏನೂ ಕೇಳುವುದಿಲ್ಲ. ಅವಳಿಗೆ ಮಾತ್ರ ಮನೆಯೊಳಗಿನದೆಲ್ಲ ಕಾಣುತ್ತಿರುತ್ತದೆ.

ಹೊಸ್ತಿಲು ಎತ್ತರವಿರಬೇಕು, ಯಾಕೆಂದರೆ ಹಾಡು ಹೊರಗೆ ಹೋಗಬಾರದು. ಹಾಡು ಹೊಸ್ತಿಲು ದಾಟಿ ಬೀದಿಗೆ ಬಿದ್ದರೆ ಹಾಡಿದವರ ಬಾಯಿಂದ ಹೋಯಿತೆಂದೇ ಅರ್ಥ. ಪದ, ಧಾಟಿ ಎಲ್ಲ ಹೋಗುತ್ತವೆ. ಕೇಳಿದವರಿಗೆ ನೆನಪಿರುತ್ತದೆ, ಹಾಡಿದವರಿಗೆ ಇರುವುದಿಲ್ಲ. ಮತ್ತೆ ಕಲಿಸಲು ಹೋದರೆ ಅವರ ಕಿವಿಯಲ್ಲೇ ಕರಗುತ್ತದೆ. ಹೀಗಾಗಿ ಮದುವೆಯ ಸೋಬಾನೆಯನ್ನು ನಮ್ಮ ಹೆಂಗಸರು ಒಳಕೋಣೆಯಲ್ಲಿ ತಲೆಗೆ ತಲೆ ತಾಗಿಸಿ, ಗುಟ್ಟು ಹೇಳಿದ ಹಾಗೆ ಹಾಡುತ್ತಾರೆ. ಸೊಪ್ಪು ಮಾರುವವಳು "ಮೆಂತೆ, ರಾಜಗಿರಿ" ಎಂದು ಶಾಲೆಯ ಹಾಜರಿ ಕೂಗಿದಂತೆ ಸಪಾಟಾಗಿ ಕೂಗುತ್ತಾಳೆ. ಬೇಡವಾದ ಹಾಡನ್ನು ಬೇಕೆಂದೇ ಹೊರಗೆ ಹಾಕುವವರೂ ಇದ್ದಾರೆ. ಎದುರು ಮನೆಯ ದುಂಡವ್ವ, ಗಂಡ ಇನ್ನೊಬ್ಬಳ ಹಿಂದೆ ಹೋದ ವರ್ಷ, ಅವನು ಕಲಿಸಿದ ಹಾಡನ್ನು ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಹಾಡಿ, ಸೆರಗು ಕೊಡವಿ ಒಳಗೆ ಬಂದಳಂತೆ. "ಹೊಟ್ಟಿ ತೊಳಸೋದು ನಿಂತಂಗಾತು ನೋಡ," ಎಂದು ಇವತ್ತಿಗೂ ಹೇಳುತ್ತಾಳೆ.

ಫೋನು ಬಂದ ಮೇಲೆ ಮನೆಮನೆಯಲ್ಲೂ ಹಾಡು ಹಿಡಿದಿಡುವ ಹುಚ್ಚು ಹತ್ತಿತು. ಆದರೆ ಗುಟ್ಟಿನಂತೆ ಹಾಡಿದ್ದನ್ನು ಫೋನು ಹಿಡಿದರೆ ಏನು ಕೇಳೀತು? ಫ್ಯಾನಿನ ಗುಂಯ್, ಯಾರೋ ಇಟ್ಟ ಚೊಂಬಿನ ಸದ್ದು, ಅದರ ಹಿಂದೆ ಎಲ್ಲೋ ಒಂದು ಎಳೆ ದನಿ. ಅದಕ್ಕೆ ದುಂಡವ್ವನ ಸೊಸೆ ಮಹಾನಂದಾ ದಾರಿ ಹುಡುಕಿದಳು. ಅವಳು ಕಾಲೇಜಿನ ಮೆಟ್ಟಿಲು ಹತ್ತಿದವಳು. ಇಂಟರ್‌ನೆಟ್ಟಿನಲ್ಲಿ ಒಂದು ತಾಣವಿತ್ತು. ಮನೆಯಲ್ಲಿ ಹಿಡಿದ ಹಾಡನ್ನು ಅದಕ್ಕೆ ಏರಿಸಿದರೆ ಮನುಷ್ಯರು ಯಾರೂ ಕೈ ಹಾಕದೆ ಯಂತ್ರವೇ ಕೇಳಿ, ಏರುತಗ್ಗು ಸರಿಮಾಡಿ, ಸಣ್ಣ ದನಿಗೆ ಮೈ ತುಂಬಿ, ರೇಡಿಯೋದ ಹಾಡಿನಂತೆ ಮಾಡಿ ಹಿಂದಕ್ಕೆ ಕೊಡುತ್ತಿತ್ತು. ಅದಕ್ಕೆ ಮಾಸ್ಟರಿಂಗ್ ಎನ್ನುತ್ತಾರೆಂದು ಮಹಾನಂದಾ ಹೇಳಿದಳು. ಊರವರ ಬಾಯಲ್ಲಿ ಅದು ಮಾಸ್ತರ ಆಯಿತು. "ನಮ್ಮತ್ತಿ ಹಾಡು ಮಾಸ್ತರನ ಕಡೆ ಹೋಗೇತಿ." "ಬಂತೇನು?" "ಇಲ್ಲ, ಇನ್ನೂ ಚಕ್ರ ತಿರಗಾಕಹತ್ತೈತಿ. ಮಾಸ್ತರ ಓದಾಕಹತ್ಯಾನ." ಹೀಗೆ ಮಾತು ನಡೆಯುತ್ತಿತ್ತು. ಏರಿಸುವುದೆಂದರೆ ಹೊಸ್ತಿಲು ದಾಟಿಸಿದಂತೆಯೇ ಅಲ್ಲವೇ ಎಂದು ಹಿರಿಯರು ಕೆಲವು ದಿನ ಹೆದರಿದರು. ಯಾರ ಹಾಡೂ ಹೋಗಲಿಲ್ಲ. ಬೀದಿಯ ಮೇಲೆ ಹೋದರೆ ತಾನೆ, ಅದು ಮೇಲಿಂದ ಮೇಲೇ ಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡರು. ಆ ತಾಣದಲ್ಲಿ ಕನ್ನಡವೂ ಇತ್ತು, ಯಂತ್ರವೇ ಮಾಡಿದ ಕನ್ನಡ. ಹಾಡು ಹೇಗೆ ಬೇಕು ಎಂದು ಕೇಳುತ್ತಿತ್ತು: ಬೆಚ್ಚಗೆ, ಸಮ, ತೆರೆದ. ನಮ್ಮೂರಲ್ಲಿ "ತೆರೆದ" ಎಂಬುದನ್ನು ಒತ್ತಿದವರು ಒಬ್ಬರೂ ಇಲ್ಲ.

ತಿರುಗಿ ಬಂದ ಹಾಡನ್ನು ಮಾತ್ರ ದನಿ ತಗ್ಗಿಸಿ ಕೇಳಬೇಕು. ಫೋನಿನ ಹಾಡೂ ಹಾಡೇ. ಗುರುಪಾದನೆಂಬವನು ಹೆಂಡತಿಯ ಹಾಡನ್ನು ಮಾಸ್ತರನಿಂದ ತಿದ್ದಿಸಿ, ಪ್ರೀತಿ ಉಕ್ಕಿ ಫೋನಿಗೆ ರಿಂಗಾಗಿ ಇಟ್ಟುಕೊಂಡ. ಅದು ಬಸ್ ನಿಲ್ದಾಣದಲ್ಲಿ ಮೊಳಗಿತು. ಮನೆಯಲ್ಲಿ ಆಕೆ ಹಾಡುತ್ತಿದ್ದವಳು ಅರ್ಧ ಸಾಲಿಗೆ ನಿಂತಳು. ಅಂದಿನಿಂದ ಅವನು ಊಟಕ್ಕೆ ಕರೆದಾಗಲೆಲ್ಲ ಆಕೆ "ಟ್ರಿಣ್ ಟ್ರಿಣ್, ನೀವು ಕರೆ ಮಾಡಿದ ಹೆಂಡ್ತಿ ಇಲ್ಲ" ಎನ್ನುತ್ತಾಳೆ.

ನನ್ನ ಅವ್ವ ಸತ್ಯವ್ವನಿಗೆ ಹಾಡುಗಳು ಬಹಳ. ಆದರೆ ಅವಳದೇ ಎನ್ನುವುದು ಒಂದೇ. ನಾನು ಹುಟ್ಟುವ ಎರಡು ವರ್ಷ ಮುಂಚೆ ಅವಳಿಗೊಂದು ಗಂಡು ಕೂಸಾಗಿತ್ತು. ಹದಿಮೂರನೇ ದಿನ ಹೆಸರಿಡಬೇಕಿತ್ತು, ಹನ್ನೊಂದನೇ ದಿನ ಕೂಸು ಹೋಯಿತು. ತೊಟ್ಟಿಲಿಗೆ ಹಾಕದ ಕೂಸನ್ನು ಹೆಸರು ಹಿಡಿದು ಕರೆಯಬಾರದು, ಕರೆದರೆ ಅದು ಎಲ್ಲಿಗೂ ಹೋಗಲಾರದೆ ನಿಲ್ಲುತ್ತದೆ ಎಂದು ನನ್ನ ಅಜ್ಜಿ ಅಂದಳಂತೆ. ಅವ್ವ ಎದುರಾಡಲಿಲ್ಲ. ತಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರನ್ನು ಒಂದು ಹಾಡಿನೊಳಗೆ ಇಟ್ಟಳು. ಹಾಡಿನ ಹೊರಗೆ ಆ ಹೆಸರನ್ನು ಅವಳು ಹೇಳಿದ್ದನ್ನು ನಾನು ಕೇಳಿಲ್ಲ. ಮಧ್ಯಾಹ್ನ ಮೊರದಲ್ಲಿ ಬೇಳೆ ಹಾಕಿಕೊಂಡು ಹಸನು ಮಾಡುವಾಗ ಹಾಡುತ್ತಿದ್ದಳು. ನಸುಕಿನ್ಯಾಗ ಬಂದಾನ ನಸುಕರಾಯ, ಹಸಿ ನೆಲದ ಮ್ಯಾಲ ಹೆಜ್ಜಿ ಇಡಲಿಲ್ಲ. ತೊಟ್ಟಿಲಕ ಇನ್ನಾ ಹಗ್ಗ ಕಟ್ಟಿಲ್ಲ, ತಡಿಯೋ ನನ್ನ ತಂದಿ, ಹಗ್ಗ ಹೊಸದೈತಿ. ಅಷ್ಟೇ ಹಾಡು. ಮತ್ತೆ ಮೊದಲಿನಿಂದ. ಅವಳು ಶುರುಮಾಡಿದ ಕೂಡಲೆ ಅಪ್ಪ "ಗರಗಸ ಮಸೀಬೇಕು" ಎಂದು ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಇಪ್ಪತ್ತೆರಡು ವರ್ಷ ಆ ಗರಗಸ ಪ್ರತಿ ಮಧ್ಯಾಹ್ನ ಮೊಂಡಾಗಿದೆ.

ಈ ವರ್ಷ ಅವ್ವನ ಗಂಟಲಲ್ಲಿ ಗಡ್ಡೆ ಕಂಡಿತು. ಪಟ್ಟಣದ ಡಾಕ್ಟರು ಗುರುವಾರ ಕೊಯ್ದು ತೆಗೆಯುತ್ತೇನೆ ಎಂದರು. ಜೀವಕ್ಕೆ ಭಯವಿಲ್ಲ, ದನಿ ಉಳಿಯಬಹುದು, ಉಳಿಯದೆಯೂ ಇರಬಹುದು ಎಂದರು. ಬಸ್ಸಿನಲ್ಲಿ ಹಿಂದಿರುಗುವಾಗ ಅವ್ವ ಕಿಟಕಿಯ ಕಡೆ ಮುಖಮಾಡಿ ಕೂತಿದ್ದಳು. "ಮಾತು ಹೋದ್ರ ಹೋಗಲಿ, ಕೈ ಸನ್ನಿ ಮಾಡತೀನಿ," ಅಂದಳು. "ನಿಮ್ಮಪ್ಪಗ ಹೆಂಗೂ ನನ್ನ ಮಾತು ಕೇಳಂಗಿಲ್ಲ." ಅಪ್ಪ ನಕ್ಕ. ಆಮೇಲೆ ಸ್ವಲ್ಪ ದೂರ ಹೋದ ಮೇಲೆ, ನನಗೆ ಮಾತ್ರ ಕೇಳುವಂತೆ, "ಅವನ್ನ ಹೆಂಗ ಕರೀಲಿ ಕಾಶೀ?" ಅಂದಳು. ಯಾರನ್ನು ಎಂದು ನಾನು ಕೇಳಲಿಲ್ಲ.

ಆ ಹಾಡನ್ನು ಫೋನಿನಲ್ಲಿ ಹಿಡಿದಿಡೋಣ ಎಂದು ಹೇಳಲು ನನಗೆ ಎರಡು ದಿನ ಬೇಕಾಯಿತು. ಹೇಳಿದಾಗ ಅವ್ವ ಫೋನನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಇಷ್ಟರಾಗ ಹಿಡಸತಾನೇನು ಅವ?" ಎಂದು ಕೇಳಿದಳು. ಸೋಮವಾರ ಫ್ಯಾನು ನಿಲ್ಲಿಸಿ, ಅಡುಗೆಮನೆಯಲ್ಲಿ ಕೂತು ಹಿಡಿದೆವು. ಮೂರು ಸಲ ಹಾಡಿದಳು. ಮೂರನೆಯ ಸಲ ಚೆನ್ನಾಗಿ ಬಂತು. ಆದರೆ ಕೇಳಿದರೆ ಏನೂ ಇಲ್ಲ. ದನಿಯನ್ನು ಪೂರ್ತಿ ಏರಿಸಿ ಫೋನನ್ನು ಕಿವಿಗೆ ಒತ್ತಿದರೂ ಮೂರು ಮನೆಯಾಚೆ ಯಾರೋ ಹಾಡಿದ ಹಾಗೆ. ಹೆಸರು ಬರುವ ಕಡೆ ಅವ್ವ ಇನ್ನೂ ತಗ್ಗಿಸಿದ್ದಳು, ಅಲ್ಲಿ ಬರೀ ಉಸಿರಿತ್ತು. "ಅವನ ಹೆಸರ ಬಂದೈತೇನು?" ಎಂದು ಅವ್ವ ಕೇಳಿದಳು. ಬಂದೈತಿ ಅಂದೆ.

ಮಾಸ್ತರನ ಹತ್ತಿರ ಹೋಗದೆ ಬೇರೆ ದಾರಿ ಇರಲಿಲ್ಲ. ಎಲ್ಲರೂ ಮಾಡುವುದು ಸುಲಭ: ಹಾಡು ಏರಿಸು, ಬೆಚ್ಚಗೆ ಒತ್ತು, ಕಾಯಿ. ಮಹಾನಂದಾಳ ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಅವರ ಮನೆಯಲ್ಲಿ ಆಗ ನೆಂಟರಿದ್ದರು, ಅಷ್ಟು ಮಂದಿಯ ಮುಂದೆ ನಿಂತು ಮಾತಾಡಬೇಕಲ್ಲ ಎಂದು ಹೋಗಲಿಲ್ಲ. ಮಂಗಳವಾರ ಮಧ್ಯಾಹ್ನ ನಾನೇ ಕೂತೆ. ಅವ್ವನ ಹಾಡಿಗೆ ಏನೂ ಆಗಬಾರದು, ಎಲ್ಲರಿಗಿಂತ ಹೆಚ್ಚು ಜೋಪಾನ ಮಾಡಬೇಕು ಎಂದು ಬೇರೆಯವರು ಯಾರೂ ತೆರೆಯದ ಒಳಗಿನ ಪುಟವನ್ನು ತೆರೆದೆ. ಅಲ್ಲಿ ಏನೇನೋ ಪದಗಳಿದ್ದವು, ಒಂದೂ ಗೊತ್ತಾಗಲಿಲ್ಲ. ಕೊನೆಗೆ ಒಂದು ಪದ ಕಂಡಿತು, ಹೊಸ್ತಿಲು. ನೋಡಿ ಎಷ್ಟು ಸಮಾಧಾನವಾಯಿತೆಂದರೆ, ಗುರುತಿಲ್ಲದ ಊರಿನಲ್ಲಿ ನಮ್ಮ ಓಣಿಯವರು ಸಿಕ್ಕ ಹಾಗೆ. ಮಾಸ್ತರನಿಗೂ ಗೊತ್ತಿದೆಯಲ್ಲ ಅಂದುಕೊಂಡೆ. ಅದರ ಕೆಳಗೆ ಎಳೆಯುವ ಗುಂಡಿ, ಒಂದು ತುದಿಗೆ ಸೊನ್ನೆ, ಇನ್ನೊಂದು ತುದಿಗೆ ಇಪ್ಪತ್ತನಾಲ್ಕು. ಸೊನ್ನೆ ಎಂದರೆ ಹೊಸ್ತಿಲೇ ಇಲ್ಲದ ಮನೆ. ಇಪ್ಪತ್ತನಾಲ್ಕು ಇಂಚಿನ ಹೊಸ್ತಿಲನ್ನು ಅಪ್ಪ ಜನ್ಮದಲ್ಲಿ ಒಂದೇ ಸಲ ಕೂರಿಸಿದ್ದಾನೆ, ಸಂಗೀತ ಕಲಿಸುವ ಒಬ್ಬ ಹೆಂಗಸಿನ ಮನೆಗೆ. ಆ ಮನೆಯಿಂದ ಒಂದು ಸ್ವರ ಹೊರಗೆ ಬಿದ್ದದ್ದಿಲ್ಲ. ಇಪ್ಪತ್ತನಾಲ್ಕರ ಮುಂದೆ ಒಂದು ಸಣ್ಣ ಗೀಟಿತ್ತು. ಅಪ್ಪ ಮರದ ಮೇಲೆ ಅಳತೆ ಬರೆಯುವಾಗಲೂ ಅಂಕಿಯ ಮುಂದೆ ಪೆನ್ಸಿಲಿನಿಂದ ಅಂಥದೇ ಗೀಟು ಎಳೆಯುತ್ತಾನೆ, ಇಲ್ಲಿಂದ ಕೊಯ್ಯಬೇಕು ಎನ್ನಲು. ನಾನು ಗುಂಡಿಯನ್ನು ಇಪ್ಪತ್ತನಾಲ್ಕರ ತನಕ ಎಳೆದು ಬಿಟ್ಟೆ.

ಚಕ್ರ ತಿರುಗಿತು. ಅವ್ವ ಪಕ್ಕದಲ್ಲೇ ಮೊರದಲ್ಲಿ ತೊಗರಿ ಬೇಳೆ ಹಾಕಿಕೊಂಡು ಕೂತಿದ್ದಳು. ಆವತ್ತು ಹಾಡುತ್ತಿರಲಿಲ್ಲ, ಗಂಟಲಿಗೆ ವಿಶ್ರಾಂತಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಸೆಕೆಗೆ ಬಾಗಿಲು ತೆರೆದಿತ್ತು, ನಮ್ಮ ಹೊಸ್ತಿಲೇ ಹದಿನಾಲ್ಕು ಇಂಚು ಇರುವಾಗ ಬಾಗಿಲು ಹಾಕುವ ರೂಢಿ ನಮಗಿಲ್ಲ. "ಏನಂತಾನ ನಿಮ್ಮ ಮಾಸ್ತರ?" ಎಂದು ಅವ್ವ ಕೇಳಿದಳು. "ಓದಾಕಹತ್ಯಾನ." "ಬರೋಬ್ಬರಿ ಓದಾಕ ಹೇಳು. ತಪ್ಪಿದ್ರ ಅವಗೂ ಕಿವಿ ಹಿಂಡತೀನಿ." ಆಗ ಹಾಡು ಬಂತು. ಫೋನಿನ ದನಿ ಹಿಂದಿನ ದಿನ ಪೂರ್ತಿ ಏರಿಸಿದ್ದು ಹಾಗೆಯೇ ಇತ್ತು. ನನಗೆ ನೆನಪಿತ್ತು, ತಗ್ಗಿಸಲಿಲ್ಲ. ಇಪ್ಪತ್ತನಾಲ್ಕರ ಹೊಸ್ತಿಲು ಹಾಕಿಸಿದ್ದೇನೆ, ಹೆಸರು ಚೆನ್ನಾಗಿ ಕೇಳಲಿ ಎಂದು ಒತ್ತಿದೆ.

ಅಷ್ಟು ದೊಡ್ಡ ದನಿಯನ್ನು ನಾನು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಅವ್ವನ ದನಿಯೇ, ಆದರೆ ಮೂಲೆಯ ಹಿತ್ತಾಳೆ ಕೊಡ ಅದಕ್ಕೆ ನಡುಗಿತು. ಅವಳ ಉಸಿರು, ಬಳೆ, ತುಟಿ ಅಂಟಿ ಬಿಡುವುದು ಎಲ್ಲ ಕೋಣೆಯಷ್ಟು ದೊಡ್ಡದಾಗಿ ಬಂದವು. ಹೆಸರು ಬರುವ ಕಡೆ ಅವಳು ತಗ್ಗಿಸಿದ್ದಳಲ್ಲ, ಅದನ್ನೇ ಯಂತ್ರ ಎಲ್ಲಕ್ಕಿಂತ ಮೇಲೆ ಎತ್ತಿ ಹಿಡಿದಿತ್ತು. ನಸುಕರಾಯ ಎಂಬುದು ನಮ್ಮ ಹೊಸ್ತಿಲು ದಾಟಿ, ಬೀದಿ ದಾಟಿ, ದುಂಡವ್ವನ ಗೋಡೆಗೆ ಬಡಿದದ್ದು ನನಗೆ ಕಂಡ ಹಾಗಾಯಿತು. ನನ್ನ ಬೆರಳು ನಿಲ್ಲಿಸುವ ಗುಂಡಿಯನ್ನು ಹುಡುಕಿ ಹುಡುಕಿ ತಪ್ಪಿತು. ನಿಲ್ಲಿಸುವಷ್ಟರಲ್ಲಿ ಹಾಡು ಮುಗಿದಿತ್ತು. ಅದು ನಾಲ್ಕೇ ಸಾಲು. ದುಂಡವ್ವ ತನ್ನ ಬಾಗಿಲಿಗೆ ಬಂದು ಬಾಯಿಗೆ ಸೆರಗು ಒತ್ತಿ ನಿಂತಿದ್ದಳು.

ನಾನು ತಿರುಗಿ ಅವ್ವನನ್ನು ನೋಡಿದೆ. ಅವಳ ಕೈ ಬೇಳೆಯಲ್ಲಿ ನಿಂತಿತ್ತು. ಮುಖದಲ್ಲಿ ಗಾಬರಿ ಇರಲಿಲ್ಲ. ಬೇರೆ ಊರಿನ ಹೆಂಗಸು ಹಾಡಿದ್ದನ್ನು ಕೇಳಿದವರ ಹಾಗೆ ತಲೆ ಸ್ವಲ್ಪ ವಾಲಿಸಿದ್ದಳು. "ಯಾರದು?" ಅಂದಳು. "ಎಷ್ಟ ಚಂದ ಹಾಡತಾಳ."

ಅಪ್ಪ ಹಿತ್ತಲಿಂದ ಬಂದ. ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಟೇಪು ತೆಗೆದು ನಮ್ಮ ಹೊಸ್ತಿಲ ಮುಂದೆ ಕೂತು ಒಬ್ಬನೇ ಅಳೆದ. ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆಯಲಿಲ್ಲ. ಹದಿನಾಲ್ಕೇ ಇತ್ತು. ಮತ್ತೊಮ್ಮೆ ಅಳೆದ.

ಮಹಾನಂದಾ ಸಂಜೆ ಬಂದು ಫೋನು ನೋಡಿದಳು. "ಇದ ಯಾಕ ತೆರದಿ? ಇಲ್ಲಿ ಯಾರೂ ಕೈ ಹಾಕಂಗಿಲ್ಲ," ಅಂದಳು. ಆ ಸಣ್ಣ ಗೀಟಿನ ಮೇಲೆ ಉಗುರಿಟ್ಟು ತೋರಿಸಿದಳು. "ಇದು ಮೈನಸ್ ಅಲ್ಲೇನ ಕಾಶೀ. ಸೊನ್ನಿಗಿಂತ ಇಪ್ಪತ್ನಾಕು ಕೆಳಗ. ಹೊಸ್ತಿಲನ್ನ ನೆಲದಾಗ ಹುಗದಂಗಾತಿದು. ಇಂಗ್ಲಿಷಿನ ಥ್ರೆಶೋಲ್ಡ್ ಅನ್ನೋದನ್ನ ಯಂತ್ರ ಹೊಸ್ತಿಲು ಅಂತ ಕನ್ನಡ ಮಾಡೇತಿ, ಅದು ಕೆಳಗ ಹೋದಷ್ಟೂ ಮಾಸ್ತರ ಹಾಡು ಮ್ಯಾಲೆ ತಳ್ಳತಾನ." ಸೊನ್ನೆಗಿಂತ ಕೆಳಗೆ ಅಂಕಿಗಳಿರುತ್ತವೆಂದು ನನಗೆ ಗೊತ್ತಿರಲಿಲ್ಲ. ಅದು ಏಳನೇ ಇಯತ್ತೆಯಲ್ಲಿ ಬರುತ್ತದಂತೆ.

ಆ ರಾತ್ರಿ ಮತ್ತು ಮರುದಿನವಿಡೀ ನಾನು ಅವ್ವನಿಗೆ ಹಾಡು ಕಲಿಸಲು ನೋಡಿದೆ. ನನ್ನ ಬಾಯಿಂದ ಹಾಡು ಬಂದದ್ದು ಹುಟ್ಟಿದಾಗಿನಿಂದ ಅದೇ ಮೊದಲು. ನಾಚಿಕೆಗೆ ಗೋಡೆಯ ಕಡೆ ತಿರುಗಿ ಹಾಡಿದೆ. ಒಂದು ಸಾಲು ಹೇಳಿ ತಿರುಗಿದರೆ ಅವ್ವ ನನ್ನ ಮುಖವನ್ನೇ ನೋಡುತ್ತಿರುತ್ತಿದ್ದಳು. "ಇನ್ನೊಮ್ಮೆ ಅನ್ನು, ಕಿವಿ ತಪ್ಪತು." ಇನ್ನೊಮ್ಮೆ ಅನ್ನುತ್ತಿದ್ದೆ. ಅವಳ ತುಟಿ ಎದ್ದು ನಿಲ್ಲುತ್ತಿತ್ತು, ದನಿ ಬರುತ್ತಿರಲಿಲ್ಲ. "ಅವ್ವಾ, ನಿನ್ನ ಹಾಡು ನಾನ ಕಳದೆ," ಎಂದು ಅವಳ ತೊಡೆಯ ಮೇಲೆ ತಲೆಯಿಟ್ಟೆ. "ಯಾವ ಹಾಡು? ಹೋಗಲಿ ಬಿಡ, ಮತ್ತ ಅದಾವಲ್ಲ ಬ್ಯಾರೇವು," ಎಂದು ತಲೆ ಸವರಿದಳು. ಬೈದಿದ್ದರೆ ಕೂತು ಬೈಸಿಕೊಳ್ಳುತ್ತಿದ್ದೆ. ಕಳೆದುಹೋದದ್ದು ಯಾವುದೆಂದೇ ಗೊತ್ತಿಲ್ಲದವಳು ಹೇಗೆ ಬೈದಾಳು?

ಗುರುವಾರ ಗಡ್ಡೆ ತೆಗೆದರು. ನಾಲ್ಕನೆಯ ದಿನ ಅವ್ವ "ನೀರು" ಅಂದಳು, ದನಿ ಎಲ್ಲಿಯೂ ಬಿರುಕಿರಲಿಲ್ಲ. ಡಾಕ್ಟರು ಬೆನ್ನು ತಟ್ಟಿಕೊಂಡರು. ಊರಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅವ್ವ ಸೋಬಾನೆಯ ಒಂದೊಂದು ನುಡಿ ಹಾಡಿ ತೋರಿಸಿದಳು, ಹೊಸ ಸೀರೆ ತೋರಿಸಿದ ಹಾಗೆ. ಮೊದಲಿಗಿಂತ ಹಗುರಾಗಿದ್ದಳು. ರೊಟ್ಟಿ ಎರಡು ಹೆಚ್ಚು ತಿನ್ನುತ್ತಿದ್ದಳು. ದುಂಡವ್ವ ನನ್ನನ್ನು ಮೂಲೆಗೆ ಕರೆದು, "ಅಳಬ್ಯಾಡ ಹುಚ್ಚಿ. ಇಪ್ಪತ್ತೆರಡು ವರ್ಷ ಸತ್ತ ಕೂಸನ್ನ ಹೊತ್ತಾಳ, ಈಗರ ಕೆಳಗ ಇಳಸಿದ್ಲು. ನೀ ಪುಣ್ಯೇದ ಕೆಲಸಾ ಮಾಡೀದಿ," ಅಂದಳು. "ನೀ ಬೇಕಂತ ಹಾಕಿದಿ, ಅತ್ತೀ. ಅವ್ವ ಹಾಕಿರಲಿಲ್ಲ," ಅಂದೆ. ಎದುರು ಮಾತಾಡಿದ್ದು ನಾನೇನಾ ಎಂಬಂತೆ ದುಂಡವ್ವ ನನ್ನನ್ನು ನೋಡಿದಳು. ನನಗೂ ಹಾಗೆಯೇ ಅನ್ನಿಸಿತು.

ಅವ್ವ ಹಗುರಾಗಿದ್ದಾಳೆ ಎಂದು ಎಲ್ಲರಿಗೂ ಕಂಡಿತು. ಮಧ್ಯಾಹ್ನ ಅವಳು ಬೇಳೆ ಹಾಕಿಕೊಂಡು ಕೂತದ್ದನ್ನು ಮಾತ್ರ ಅವರು ನೋಡಲಿಲ್ಲ. ಮೂರು ಸಲ ಮೊರ ಆಡಿಸಿದ ಮೇಲೆ ಅವಳ ಬಾಯಿ ತಾನಾಗಿ ತೆರೆಯುತ್ತಿತ್ತು. ತೆರೆದು ಹಾಗೆಯೇ ನಿಲ್ಲುತ್ತಿತ್ತು. ಹೊಸ್ತಿಲಿದೆಯೆಂದು ಕಾಲೆತ್ತಿದವರು ಇಲ್ಲದ್ದನ್ನು ಕಂಡು ತಡವರಿಸುತ್ತಾರಲ್ಲ, ಹಾಗೆ. "ಈ ಹೊತ್ನ್ಯಾಗ ನಾ ಏನರ ಮಾಡತಿದ್ನೇನ ಕಾಶೀ?" ಎಂದು ಒಂದು ದಿನ ಕೇಳಿದಳು. ಇನ್ನೊಂದು ದಿನ, "ನನಗೊಂದು ಕೂಸಿತ್ತಲ್ಲ, ನಿನ್ನಕಿಂತ ಮೊದಲ, ಅವಗ ನಾ ಏನರ ಹೆಸರ ಇಟ್ಟಿದ್ನೇನು?" ಅಂದಳು. ಹೆಸರು ಹಾಡಿನೊಳಗೆ ಮಾತ್ರ ಇತ್ತು, ಹಾಡಿನ ಜೊತೆಗೇ ಹೋಗಿತ್ತು. ಕೂಸು ಇತ್ತೆಂಬುದು ಉಳಿದಿತ್ತು.

ಆವತ್ತು ಅಪ್ಪ ಗರಗಸ ಮಸೆಯಲು ಹೋಗಿರಲಿಲ್ಲ. ಹೋಗಲು ಈಗ ಕಾರಣವೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಹಿತ್ತಲಿಗೆ ಕರೆದ. ಉಳಿ ಕೈಯಲ್ಲಿತ್ತು, ಮುಂದೆ ಮರವಿರಲಿಲ್ಲ. "ಅದಕ ಏನಂತ ಹೆಸರ ಇಟ್ಟಿದ್ಲು?" ಎಂದು ನೆಲ ನೋಡುತ್ತ ಕೇಳಿದ. "ನಿನಗ ಗೊತ್ತಿಲ್ಲೇನಪ್ಪಾ?" ಅಂದೆ. ಗೊತ್ತಿಲ್ಲವೆಂದು ತಲೆಯಾಡಿಸಿದ. ಇಪ್ಪತ್ತೆರಡು ವರ್ಷ ಕೇಳಬಾರದೆಂದು ಎದ್ದುಹೋಗಿದ್ದಾನೆ, ಮಂಗಳವಾರ ಇಡೀ ಬೀದಿಗೆ ಕೇಳಿದಾಗಲೂ ಗರಗಸದ ಸದ್ದಿನಲ್ಲಿ ಅವನಿಗೆ ದನಿ ಮುಟ್ಟಿತ್ತೇ ಹೊರತು ಪದ ಮುಟ್ಟಿರಲಿಲ್ಲ. ನಾನು ಹೇಳಿದೆ. ಅವನು ಒಮ್ಮೆ ಮೆಲ್ಲಗೆ ಅಂದುಕೊಂಡ. ಮಗನ ಹೆಸರನ್ನು ಅವನು ಕೇಳಿದ್ದು ಅದೇ ಮೊದಲು. ಮುಖಕ್ಕೆ ಹತ್ತಿದ ಮರದ ಪುಡಿ ಒರೆಸಿಕೊಂಡವನಂತೆ ಕಣ್ಣು ಒರೆಸಿಕೊಂಡ.

ಈಗ ದಿನವೂ ಮಧ್ಯಾಹ್ನ ಅವ್ವನ ಕೈ ಬೇಳೆಯಲ್ಲಿ ನಿಂತಾಗ ನಾನು ಹತ್ತಿರ ಹೋಗಿ ಕೂರುತ್ತೇನೆ. ಅವಳು ಕೇಳುತ್ತಾಳೆ, ನಾನು ಹೇಳುತ್ತೇನೆ. ಹೇಳಿದ್ದು ಅವಳಲ್ಲಿ ನಿಲ್ಲುವುದಿಲ್ಲ, ಮರುದಿನ ಮತ್ತೆ ಕೇಳುತ್ತಾಳೆ. ನಿನ್ನೆಯೂ ಕೇಳಿದಳು. "ನಸುಕರಾಯ" ಅಂದೆ. ಅವ್ವ ಕಣ್ಣು ಮುಚ್ಚಿ ಅದು ಕರಗುವ ತನಕ ಹಿಡಿದುಕೊಂಡಿದ್ದಳು.

"ಎಂಥಾ ಚಂದ ಹೆಸರ ಯವ್ವಾ," ಅಂದಳು. "ಯಾರ ಇಟ್ಟಾರು?"

"ನೀನ ಇಟ್ಟೀದಿ."

ಅವ್ವ ನಕ್ಕುಬಿಟ್ಟಳು. "ನನಗೆಲ್ಲಿ ಬರತೈತಿ ಇಂಥಾ ಹೆಸರ ಇಡಾಕ," ಎಂದು ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಇಟ್ಟಾಕಿ ಆ ಕೂಸಿನ ಮ್ಯಾಲ ಭಾಳ ಜೀವಾ ಇಟ್ಟಿದ್ಲು ನೋಡ."

"ಹೂಂ," ಅಂದೆ.